ಮಡಚುವ ಸೈಕಲ್‌ನ ಪುಟ್ಟ ಗಾಲಿ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದಿನ ಚಕ್ರ ಫ್ರೇಮ್‌ನ ಅಡಿಗೆ ಮಡಚಿಕೊಂಡು, ಇಡೀ ಸೈಕಲ್ ಮೂರ್ನಾಲ್ಕು ಪುಟ್ಟ ಗಾಲಿಗಳ ಮೇಲೆ ನಿಲ್ಲುವ ಮಾದರಿಗಳಿಗೆ ಈ ಪುಟ. 16 ಇಂಚಿನ ಚಕ್ರದ ಬ್ರಾಂಪ್ಟನ್ ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಆಂಡ್ರ್ಯೂ ರಿಚೀ ರೂಪಿಸಿದ ಆ ಮಡಿಕೆಯನ್ನೇ ಹೋಲುವ ಸೈಕಲ್‌ಗಳು ಈಗ ಬೇರೆ ಹೆಸರುಗಳಲ್ಲೂ ಸಿಗುತ್ತವೆ. ಮಧ್ಯದಲ್ಲಿ ಕೀಲು ಇರುವ ಸೈಕಲ್‌ಗಳ ವಿಷಯ ಕೊನೆಯ ಕಡೆ ಇದೆ.

ಗಾಲಿ ಬದಲಾಯಿಸಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆಯೇ?

ನಿಮ್ಮ ತೊಂದರೆ ಯಾವುದು ಎಂಬುದರ ಮೇಲಿದೆ. ತಳ್ಳುವಾಗ ಬಿಗಿಯಾಗಿ, ಉಜ್ಜಿದ ಹಾಗೆ ಅನಿಸುತ್ತಿದ್ದರೆ ಬೇಕಾದದ್ದು ಬೇರಿಂಗ್ ಇರುವ ಗಾಲಿ. ತಿರುಗಿಸುವಾಗ ಸೈಕಲ್ ಪಕ್ಕಕ್ಕೆ ವಾಲಿ ಬೀಳುತ್ತಿದ್ದರೆ ಗಾಲಿಗಳ ನಡುವಿನ ಅಂತರ ಹೆಚ್ಚಬೇಕು. ಟೈಲ್ಸ್ ಸಂದಿ, ಲಿಫ್ಟ್ ಬಾಗಿಲಿನ ಸಂದು, ಸಣ್ಣ ಹೊಸ್ತಿಲುಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ದೊಡ್ಡ ಗಾಲಿ ಬೇಕು. ಮೂರು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಮದ್ದು ಎಂದು ದೊಡ್ಡ ಗಾಲಿ ತಂದು ಹಾಕಿದವರಿಗೇ ಹೆಚ್ಚು ನಿರಾಸೆಯಾಗುವುದು. ನಮ್ಮ ಸಲಹೆ: ಮೊದಲು ಬೇರಿಂಗ್ ನೋಡಿ, ಆಮೇಲೆ ಅಗಲ, ಕೊನೆಗೆ ಗಾತ್ರ.

ಸೈಕಲ್ ಜೊತೆಗೇ ಬಂದ ಗಾಲಿ ಯಾಕೆ ಅಷ್ಟು ಬಿಗಿ?

ಹೆಚ್ಚಿನವು ಬರೀ ಪ್ಲಾಸ್ಟಿಕ್ ಗಾಲಿಗಳು. ಒಳಗೆ ಬೇರಿಂಗ್ ಇಲ್ಲ. ಬೋಲ್ಟ್‌ನ ಮೇಲೋ ಒಂದು ಬುಷ್‌ನ (ತೂತಿನೊಳಗೆ ಕೂರುವ ಪುಟ್ಟ ಕೊಳವೆ) ಮೇಲೋ ನೇರವಾಗಿ ಉಜ್ಜಿಕೊಂಡು ತಿರುಗುತ್ತವೆ. ಅವುಗಳ ಮುಖ್ಯ ಕೆಲಸ ಸೈಕಲ್ಲನ್ನು ನಿಲ್ಲಿಸುವುದು, ಒಂದೆರಡು ಅಡಿ ಸರಿಸುವುದು. ಉದ್ದದ ಪ್ಲಾಟ್‌ಫಾರ್ಮ್‌ನ ತುದಿಯಿಂದ ತುದಿಗೆ ತಳ್ಳಿಕೊಂಡು ಹೋಗಲು ಮಾಡಿದ್ದಲ್ಲ.

ಹಳೆಯ ಗಾಲಿ ಬಿಚ್ಚಿದಾಗ ಒಮ್ಮೆ ಗಮನವಿಟ್ಟು ನೋಡಿ. ಬೋಲ್ಟ್‌ನ ಒಂದು ಮಗ್ಗುಲು ಉಜ್ಜಿ ಉಜ್ಜಿ ಹೊಳೆಯುತ್ತಿರುತ್ತದೆ. ಗಾಲಿಯ ತೂತು ದುಂಡಗೆ ಉಳಿದಿರುವುದಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಗಾಲಿಗೂ ಫ್ರೇಮ್‌ಗೂ ನಡುವೆ ತಲೆಗೂದಲು, ಬಟ್ಟೆಯ ದಾರ ಗಟ್ಟಿಯಾಗಿ ಸುತ್ತಿಕೊಂಡು ಕಪ್ಪು ಬಳೆಯಂತಾಗಿರುತ್ತದೆ. ಎಷ್ಟೋ ಸಲ ಆ ಕೂದಲನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡಿ.

ಗಾಲಿ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ?

ಒಂದು ಮಿತಿಯವರೆಗೆ. 5 ಮಿ.ಮೀ. ಎತ್ತರದ ಅಂಚೊಂದನ್ನು ಹತ್ತಿಸಬೇಕು ಎಂದುಕೊಳ್ಳಿ. ಗಾಲಿಯ ವ್ಯಾಸ 40 ಮಿ.ಮೀ. ಇದ್ದರೆ, ಅದರ ಮೇಲೆ ಬಿದ್ದಿರುವ ತೂಕದ ಸುಮಾರು 88%ರಷ್ಟು ಬಲ ಹಾಕಿ ಮುಂದಕ್ಕೆ ತಳ್ಳಬೇಕು. 60 ಮಿ.ಮೀ. ಗಾಲಿಗೆ ಅದು 66%ಕ್ಕೆ ಇಳಿಯುತ್ತದೆ. 80 ಮಿ.ಮೀ. ಆದರೆ 55%. ಅಂದರೆ 40ರಿಂದ 60ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, 60ರಿಂದ 80ಕ್ಕೆ ಹೋದಾಗ ಅದರ ಅರ್ಧ.

ಆದರೆ ಪ್ರತಿ ಸಲ 20 ಮಿ.ಮೀ. ವ್ಯಾಸ ಹೆಚ್ಚಿದಾಗಲೂ ಸೈಕಲ್ 10 ಮಿ.ಮೀ. ಮೇಲೇಳುತ್ತದೆ. ಗಾಲಿಯ ಅಂಚು ಟೈರ್‌ಗೂ ಮಡ್‌ಗಾರ್ಡ್‌ಗೂ ಅಷ್ಟೇ ಹತ್ತಿರವಾಗುತ್ತದೆ. ಹೀಗಾಗಿ 55ರಿಂದ 65 ಮಿ.ಮೀ. ನಡುವಿನ ಗಾಲಿ ಹೆಚ್ಚಿನವರಿಗೆ ಸಾಕು. ಅದಕ್ಕಿಂತ ದೊಡ್ಡದು ಬೇಕೆನ್ನುವವರು ಮೊದಲು ಮುಂದಿನ ಎರಡು ಉತ್ತರಗಳನ್ನು ಓದಿ.

ದೊಡ್ಡ ಗಾಲಿ ಹಾಕಿದ ಮೇಲೆ ಸೈಕಲ್ ನಿಲ್ಲಿಸಿದ ಕಡೆ ನಿಲ್ಲುತ್ತಿಲ್ಲ, ಉರುಳಿಕೊಂಡು ಹೋಗುತ್ತದೆ. ಯಾಕೆ?

ಪೂರ್ತಿ ಮಡಚಿ ಸೀಟು ಕೆಳಗಿಳಿಸಿದಾಗ ಸೀಟ್ ಪೋಸ್ಟ್‌ನ ಕೆಳತುದಿ ನೆಲದವರೆಗೂ ಬರುತ್ತದೆ. ಆ ತುದಿಯಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ನೆಲಕ್ಕೆ ಒತ್ತಿಕೊಂಡು ಸೈಕಲ್ ಜರುಗದಂತೆ ತಡೆಯುವುದು ಅದೇ. ಗಾಲಿ ದೊಡ್ಡದಾಗಿ ಸೈಕಲ್ 10 ಮಿ.ಮೀ. ಮೇಲೆದ್ದರೆ ಬಿರಡೆ ನೆಲ ಬಿಡುತ್ತದೆ. ಜೊತೆಗೆ ಹೊಸ ಬೇರಿಂಗ್ ಸಲೀಸಾಗಿ ತಿರುಗುವುದರಿಂದ, ರೈಲು ಬ್ರೇಕ್ ಹಾಕಿದ ಕೂಡಲೇ ಸೈಕಲ್ ಹೊರಟುಬಿಡುತ್ತದೆ.

ಬ್ರೇಕ್ ಲಿವರ್‌ಗೆ ರಬ್ಬರ್ ಬ್ಯಾಂಡ್ ಹಾಕಿದರೆ ಪ್ರಯೋಜನವಿಲ್ಲ. ಬ್ರೇಕ್ ಹಿಡಿಯುವುದು ದೊಡ್ಡ ಚಕ್ರಗಳನ್ನು. ಮಡಚಿದಾಗ ಅವು ನೆಲಕ್ಕೆ ತಾಗುವುದೇ ಇಲ್ಲ. ಸರಿಯಾದ ದಾರಿ ಎರಡು. ಒಂದು, ಉದ್ದದ ಬಿರಡೆ ಹಾಕುವುದು. ಎಷ್ಟು ಉದ್ದ ಬೇಕೆಂದು ತಿಳಿಯಲು ಸೈಕಲ್ಲನ್ನು ಸಮತಟ್ಟಾದ ನೆಲದಲ್ಲಿ ಮಡಚಿ ಇಟ್ಟು, ಬಿರಡೆಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ರಟ್ಟಿನ ತುಂಡುಗಳನ್ನು ಒಂದೊಂದಾಗಿ ತೂರಿಸಿ, ಒಟ್ಟು ದಪ್ಪ ಅಳೆಯಿರಿ. ಅದಕ್ಕೆ 1 ಅಥವಾ 2 ಮಿ.ಮೀ. ಸೇರಿಸಿದರೆ ಸಾಕು. ಹೆಚ್ಚು ಸೇರಿಸಿದರೆ ತೂಕವೆಲ್ಲ ಬಿರಡೆಯ ಮೇಲೆ ಬಿದ್ದು ಸೈಕಲ್ ಅಲ್ಲಾಡುತ್ತದೆ. ಎರಡನೆಯದು, ನಾಲ್ಕರಲ್ಲಿ ಎರಡು ಗಾಲಿಗಳನ್ನು ಮಾತ್ರ ದೊಡ್ಡದು ಮಾಡುವುದು.

ಹಾಗಿದ್ದರೆ ಎರಡು ಬದಲಾಯಿಸಬೇಕೋ, ನಾಲ್ಕೋ?

ನೀವು ತಳ್ಳುವ ಬಗೆ ನೋಡಿಕೊಳ್ಳಿ. ಹ್ಯಾಂಡಲ್ ಬಿಚ್ಚಿ ಅಥವಾ ಸೀಟು ಎತ್ತಿ ಸೈಕಲ್ಲನ್ನು ಓರೆ ಮಾಡಿ ಎಳೆಯುವವರಾದರೆ ತೂಕವೆಲ್ಲ ಒಂದೇ ಜೋಡಿ ಗಾಲಿಗಳ ಮೇಲಿರುತ್ತದೆ. ಆ ಜೋಡಿಯನ್ನಷ್ಟೇ ದೊಡ್ಡದು ಮಾಡಿ. ಇನ್ನೊಂದು ಜೋಡಿ ಹಳೆಯದೇ ಇರಲಿ. ಆಗ ಕೆಳಗಿಟ್ಟಾಗ ಸೈಕಲ್ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಗಾಲಿಗಳ ನಡುವೆ 25 ಸೆಂ.ಮೀ. ಅಂತರವಿದ್ದು ಒಂದು ಜೋಡಿ 10 ಮಿ.ಮೀ. ಎತ್ತರವಾದರೆ ಓರೆ ಎರಡೂಕಾಲು ಡಿಗ್ರಿ ಅಷ್ಟೇ. ಹಳೆಯ ಬಿಗಿ ಗಾಲಿಗಳೇ ಅರ್ಧ ಬ್ರೇಕ್‌ನ ಕೆಲಸ ಮಾಡುತ್ತವೆ.

ನಾಲ್ಕೂ ಗಾಲಿ ನೆಲದಲ್ಲಿರುವಂತೆ ನೇರವಾಗಿ ತಳ್ಳುವವರು ನಾಲ್ಕನ್ನೂ ಒಂದೇ ಗಾತ್ರಕ್ಕೆ ಬದಲಾಯಿಸಬೇಕು. ಮೂರು ಹೊಸದು, ಒಂದು ಹಳೆಯದು ಎಂಬ ಸ್ಥಿತಿ ಮಾತ್ರ ಬೇಡ. ಸೈಕಲ್ ಆ ಮೂಲೆಗೆ ಕುಸಿದು ಕುಂಟುತ್ತದೆ.

ನನ್ನ ಸೈಕಲ್‌ಗೆ ಕ್ಯಾರಿಯರ್ ಇಲ್ಲ. ತಳ್ಳಿದರೆ ಪಕ್ಕಕ್ಕೆ ಬೀಳುತ್ತದೆ.

ಕ್ಯಾರಿಯರ್ ಇರುವ ಮಾದರಿಯಲ್ಲಿ ಒಂದು ಜೋಡಿ ಗಾಲಿ ಕ್ಯಾರಿಯರ್‌ನ ಹಿಂತುದಿಯಲ್ಲಿ, ದೂರ ದೂರ ಇರುತ್ತವೆ. ಕ್ಯಾರಿಯರ್ ಇಲ್ಲದಿದ್ದರೆ ಹಿಂದಿನ ಫ್ರೇಮ್‌ಗೆ ಕೂರಿಸಿದ ಜೋಡಿಯೇ ಆಧಾರ, ಅವು ಒಂದಕ್ಕೊಂದು ಹತ್ತಿರ. ಕೆಲವದರಲ್ಲಿ ಹಿಂದಿನ ಮಡ್‌ಗಾರ್ಡ್‌ನ ಮೇಲೆ ಇನ್ನೊಂದು ಪುಟಾಣಿ ಗಾಲಿ ಇರುತ್ತದೆ. ಭಾರದ ಕೇಂದ್ರ ನೆಲದಿಂದ 30 ಸೆಂ.ಮೀ. ಮೇಲಿದ್ದು ಗಾಲಿಗಳ ಅಂತರ 12 ಸೆಂ.ಮೀ. ಇದ್ದರೆ 11 ಡಿಗ್ರಿ ವಾಲಿದರೆ ಸಾಕು, ಸೈಕಲ್ ಮಗುಚುತ್ತದೆ. ಅಂತರವನ್ನು 20 ಸೆಂ.ಮೀ. ಮಾಡಿದರೆ 18 ಡಿಗ್ರಿಯವರೆಗೂ ತಡೆಯುತ್ತದೆ. ದೊಡ್ಡ ಗಾಲಿ ಇಲ್ಲಿ ಉಪಕಾರಕ್ಕಿಂತ ಅಪಕಾರವೇ ಮಾಡುತ್ತದೆ, ಭಾರದ ಕೇಂದ್ರವನ್ನು ಇನ್ನೂ ಮೇಲೆತ್ತುತ್ತದೆ.

ನಿಮಗೆ ಬೇಕಾದದ್ದು ಗಾಲಿಯನ್ನು ಹೊರಕ್ಕೆ ತಳ್ಳುವ ಕೊಳವೆ. ಎಕ್ಸ್‌ಟೆಂಡರ್ ಎಂದು ಕೇಳಿದರೆ ಸಿಗುತ್ತದೆ. ಕೆಲವು ಒಂದೇ ಉದ್ದದವು, ಕೆಲವು ತಳ್ಳುವಾಗ ಹೊರಕ್ಕೆಳೆದು ಆಮೇಲೆ ಒಳಕ್ಕೆ ತಳ್ಳುವಂಥವು.

ಮಡ್‌ಗಾರ್ಡ್‌ನ ಮೇಲಿರುವ ಪುಟಾಣಿ ಗಾಲಿಯನ್ನು ದೊಡ್ಡದು ಮಾಡಲು ಹೋಗಬೇಡಿ. ಅದು ಕೂತಿರುವುದು ತೆಳ್ಳನೆಯ ಪಟ್ಟಿಯ ಮೇಲೆ. ಗಾಲಿ ಎತ್ತರವಾದರೆ ಪ್ರತಿ ಕುಲುಕಿಗೂ ಪಟ್ಟಿ ಬಾಗಿ, ಬೋಲ್ಟ್ ತೂತಿನ ಸುತ್ತ ಸೀಳು ಬಿಡುತ್ತದೆ.

ಕೊಳವೆಯ ಬದಲು ಉದ್ದದ ಬೋಲ್ಟ್ ಹಾಕಿ ನಡುವೆ ವಾಷರ್‌ಗಳನ್ನು ತುಂಬಿದರೆ ಆಗದೇ?

ಆಗುತ್ತದೆ, ಬೋಲ್ಟ್ ಬಾಗುವವರೆಗೆ. ಲೆಕ್ಕ ಹೀಗಿದೆ. 12 ಕೆ.ಜಿ. ಸೈಕಲ್ ಎರಡು ಗಾಲಿಗಳ ಮೇಲೆ ನಿಂತಾಗ ಒಂದೊಂದರ ಮೇಲೂ 6 ಕೆ.ಜಿ. ಗಾಲಿಯ ನಡುಭಾಗ ಫ್ರೇಮ್‌ನಿಂದ 10 ಮಿ.ಮೀ. ದೂರವಿದ್ದರೆ 6 ಮಿ.ಮೀ. ದಪ್ಪದ ಎಂ6 ಬೋಲ್ಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅದೇ 35 ಮಿ.ಮೀ. ದೂರವಾದರೆ ಬೋಲ್ಟ್‌ನ ಬುಡದಲ್ಲಿ ಬಾಗುವ ಒತ್ತಡ ಮೂರೂವರೆ ಪಟ್ಟಾಗಿ, ಸುಮ್ಮನೆ ನಿಂತಾಗಲೇ 200 ಮೆಗಾಪ್ಯಾಸ್ಕಲ್ ಹತ್ತಿರ ಹೋಗುತ್ತದೆ. ಒಂದು ಅಂಚಿನಿಂದ ಧಡ್ ಎಂದು ಇಳಿದರೆ ಅದರ ಎರಡು ಮೂರು ಪಟ್ಟು. 8.8 ದರ್ಜೆಯ ಬೋಲ್ಟ್ ಶಾಶ್ವತವಾಗಿ ಬಾಗಲು ಶುರುವಾಗುವುದು 640ರ ಆಸುಪಾಸಿನಲ್ಲಿ. ಸೈಕಲ್ ಮೇಲೆ ಚೀಲವೂ ಇದ್ದರೆ ಇನ್ನೇನೂ ಉಳಿಯುವುದಿಲ್ಲ.

ದಪ್ಪ ಕೊಳವೆ ಈ ಭಾರವನ್ನು ಬೋಲ್ಟ್‌ನಿಂದ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಅದಕ್ಕೆ ಎರಡು ಷರತ್ತು: ಕೊಳವೆಯ ಹೊರ ವ್ಯಾಸ ಕನಿಷ್ಠ 12 ಮಿ.ಮೀ. ಇರಬೇಕು, ಮತ್ತು ಅದರ ಬಾಯಿ ಫ್ರೇಮ್‌ನ ಕಿವಿಯ (ಗಾಲಿಯ ಬೋಲ್ಟ್ ಕೂರುವ ತೂತಿರುವ ಚಾಚು) ಮೇಲೆ ಚಪ್ಪಟೆಯಾಗಿ ಪೂರ್ತಿ ಕೂರಬೇಕು. ಬಿಡಿ ವಾಷರ್‌ಗಳ ಕಟ್ಟು ಈ ಕೆಲಸ ಮಾಡುವುದಿಲ್ಲ. ಒಂದರ ಮೇಲೊಂದು ಜಾರುತ್ತವೆ, ಬೋಲ್ಟ್ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಬೋಲ್ಟ್‌ಗಳನ್ನಂತೂ ಈ ಜಾಗದಲ್ಲಿ ಬಳಸಲೇಬಾರದು.

ಓಡಿಸುವಾಗ ಹಿಮ್ಮಡಿ ಗಾಲಿಗೆ ತಾಗುತ್ತದೆ. ಏನು ಮಾಡಲಿ?

ಕೊಳವೆ ಉದ್ದವಾಯಿತು ಎಂದರ್ಥ. ಹಿಂದಿನ ಫ್ರೇಮ್‌ನ ಗಾಲಿಗಳು ಪೆಡಲ್‌ಗೆ ಹತ್ತಿರ ಇರುವುದರಿಂದ ಪಾದ ಹಿಂದಕ್ಕೆ ಬರುವಾಗ ಹಿಮ್ಮಡಿ ಅಲ್ಲೇ ಹಾದುಹೋಗುತ್ತದೆ. ಕೊಳ್ಳುವ ಮುಂಚೆ ಹೀಗೆ ಅಳೆಯಿರಿ: ನೀವು ದಿನಾ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂತು, ಗೋಡೆ ಹಿಡಿದುಕೊಂಡು ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಇನ್ನೊಬ್ಬರು ಹಿಮ್ಮಡಿಗೂ ಗಾಲಿಗೂ ನಡುವಿನ ಅತಿ ಕಡಿಮೆ ಅಂತರ ನೋಡಲಿ. ಕೊಳವೆ ಹಾಕಿದ ಮೇಲೂ 15 ಮಿ.ಮೀ. ಉಳಿಯಬೇಕು. ಪಾದವನ್ನು ಒಳಕ್ಕೆ ತಿರುಗಿಸಿ ತುಳಿಯುವ ಅಭ್ಯಾಸ ಇರುವವರಿಗೆ ಅದೂ ಸಾಲದು; ಅಂಥವರು ಒಳಕ್ಕೆ ತಳ್ಳುವ ಬಗೆಯದನ್ನೇ ಕೊಳ್ಳಿ.

ಬಲಗಡೆ ಚೈನ್, ಅದನ್ನು ಬಿಗಿಯಾಗಿ ಹಿಡಿಯುವ ಚೈನ್ ಟೆನ್ಷನರ್ ಇರುವುದರಿಂದ ಅಲ್ಲಿ ಜಾಗ ಇನ್ನೂ ಕಡಿಮೆ. ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ ಕೊಳವೆ ಹಾಕಿದರೂ ತಪ್ಪಿಲ್ಲ. ಸೈಕಲ್ ಸಾಮಾನ್ಯವಾಗಿ ಯಾವ ಕಡೆ ವಾಲುತ್ತದೆಯೋ ಆ ಕಡೆಗೆ ಅಗಲ ಸಿಕ್ಕರೆ ಸಾಕು.

ಕೊಳ್ಳುವ ಮುಂಚೆ ಏನೇನು ಅಳತೆ ತೆಗೆದುಕೊಳ್ಳಬೇಕು?

ವರ್ನಿಯರ್ ಕ್ಯಾಲಿಪರ್ ಇದ್ದರೆ ಹತ್ತು ನಿಮಿಷದ ಕೆಲಸ. ಬೋಲ್ಟ್‌ನ ದಪ್ಪ ಮತ್ತು ತಲೆ ಬಿಟ್ಟು ಉದ್ದ. ಬೋಲ್ಟ್ ಹಿಡಿಯುವ ಕಿವಿಯ ದಪ್ಪ. ಹಳೆಯ ಗಾಲಿಯ ವ್ಯಾಸ ಮತ್ತು ಅಗಲ. ಗಾಲಿಯ ಅಂಚಿನಿಂದ ಹತ್ತಿರದ ಟೈರ್, ಮಡ್‌ಗಾರ್ಡ್ ಅಥವಾ ಕೇಬಲ್‌ವರೆಗಿನ ಅಂತರ. ಕೊನೆಯದನ್ನು ಎರಡು ಸಲ ಅಳೆಯಿರಿ, ಒಮ್ಮೆ ಮಡಚಿ, ಒಮ್ಮೆ ಬಿಚ್ಚಿ. ಮಡಚಿದಾಗ ಜಾಗ ಇದ್ದು ಬಿಚ್ಚಿದಾಗ ಟೈರ್‌ಗೆ ಉಜ್ಜುವ ಗಾಲಿಗಳೂ ಇವೆ. ಹೊಸ ಗಾಲಿಯ ಸುತ್ತ 5 ಮಿ.ಮೀ. ಖಾಲಿ ಉಳಿಯಲೇಬೇಕು, ಇಲ್ಲದಿದ್ದರೆ ಟೈರ್‌ಗೆ ಅಂಟಿದ ಸಣ್ಣ ಕಲ್ಲು ನಡುವೆ ಸಿಕ್ಕಿಕೊಳ್ಳುತ್ತದೆ.

ಈ ಜಾಗದಲ್ಲಿ ಹೆಚ್ಚಾಗಿ ಇರುವುದು ಎಂ6 ಬೋಲ್ಟ್, ಅಂದರೆ 6 ಮಿ.ಮೀ. ದಪ್ಪದ್ದು, ಥ್ರೆಡ್‌ನಿಂದ ಥ್ರೆಡ್‌ಗೆ 1 ಮಿ.ಮೀ. ಎಂ5 ಇರುವ ಮಾದರಿಗಳೂ ಇರುವುದರಿಂದ ಊಹಿಸಿ ಕೊಳ್ಳಬೇಡಿ.

ಸ್ಕೇಟಿಂಗ್ ಗಾಲಿ ಹಾಕಬಹುದೇ?

ಹಾಕಬಹುದು, ಚೆನ್ನಾಗಿಯೂ ಓಡುತ್ತದೆ. ಆದರೆ ಎರಡು ವಿಷಯ ತಪ್ಪಬಾರದು.

ಸ್ಕೇಟಿಂಗ್ ಗಾಲಿಯಲ್ಲಿರುವುದು 608 ನಂಬರಿನ ಬೇರಿಂಗ್: ಒಳ ತೂತು 8 ಮಿ.ಮೀ., ಹೊರ ವ್ಯಾಸ 22, ಅಗಲ 7. ನಿಮ್ಮ ಬೋಲ್ಟ್ 6 ಮಿ.ಮೀ. ಆದರೆ ನಡುವೆ 8 ಹೊರಗೆ, 6 ಒಳಗೆ ಇರುವ ಬುಷ್ ಬೇಕೇ ಬೇಕು. ಅದಿಲ್ಲದೆ ಹಾಕಿದರೆ ಗಾಲಿ 1 ಮಿ.ಮೀ. ಪಕ್ಕಕ್ಕೆ ಕೂತು, ಬೋಲ್ಟ್ ಸ್ವಲ್ಪ ಸಡಿಲವಾದ ಕೂಡಲೇ ಲಟಲಟ ಹೊಡೆದುಕೊಳ್ಳುತ್ತದೆ.

ಎರಡನೆಯದು, ಗಾಲಿಯೊಳಗೆ ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್ ಕೊಳವೆ ಇರಬೇಕು. ಅದು ಕಳೆದುಹೋಗಿದ್ದರೆ, ಬೋಲ್ಟ್ ಬಿಗಿ ಮಾಡುತ್ತಿದ್ದಂತೆ ಎರಡೂ ಬೇರಿಂಗ್‌ಗಳ ಒಳ ಬಳೆಗಳು ಒಂದರ ಕಡೆಗೊಂದು ಒತ್ತಿಕೊಂಡು, ಗುಂಡುಗಳು ಪಕ್ಕದ ಒತ್ತಡಕ್ಕೆ ಸಿಲುಕುತ್ತವೆ. ಗಾಲಿ ಗಟ್ಟಿಯಾಗುತ್ತದೆ, ಕೆಲವೇ ದಿನಗಳಲ್ಲಿ ಒಳಗೆ ಜರಗುಟ್ಟುತ್ತದೆ.

ಬುಷ್‌ನ ತಲೆನೋವೇ ಬೇಡ ಎನ್ನುವವರು 6 ಮಿ.ಮೀ. ತೂತಿನ ಬೇರಿಂಗ್ ಇರುವ ಗಾಲಿ ಹುಡುಕಿ. 626 ಎಂದರೆ 6, 19, 6 ಮಿ.ಮೀ.; 696 ಎಂದರೆ 6, 15, 5. ನಂಬರಿನ ಮುಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಜಡ್‌ಜಡ್ ಎಂದಿದ್ದರೆ ತಗಡಿನ ಮುಚ್ಚಳ. ಈ ಗಾಲಿಗಳು ಓಡಿಸುವಾಗ ಹಿಂದಿನ ಟೈರ್ ಎರಚುವ ಕೆಸರಿನ ನೇರಕ್ಕೇ ಇರುತ್ತವೆ. ಆದ್ದರಿಂದ 2ಆರ್‌ಎಸ್ ಬಿಟ್ಟು ಬೇರೆಯದನ್ನು ಯೋಚಿಸಬೇಡಿ. ಬೆರಳಲ್ಲಿ ತಿರುಗಿಸಿದಾಗ ತಗಡಿನ ಮುಚ್ಚಳದ್ದು ಹೆಚ್ಚು ಹೊತ್ತು ತಿರುಗುತ್ತದೆ ನಿಜ. ಒಂದು ಮಳೆಗಾಲ ಕಳೆದ ಮೇಲೆ ತಿರುಗಿಸಿ ನೋಡಿದರೆ ಕಥೆ ಬೇರೆಯಾಗಿರುತ್ತದೆ.

ಯಾವ ವಸ್ತುವಿನ ಗಾಲಿ ಒಳ್ಳೆಯದು?

ನೈಲಾನ್ ಅಥವಾ ಗಟ್ಟಿ ಪ್ಲಾಸ್ಟಿಕ್ ನಯವಾದ ನೆಲದಲ್ಲಿ ಹಗುರವಾಗಿ ಓಡುತ್ತದೆ, ಸವೆಯುವುದೂ ನಿಧಾನ, ಆದರೆ ಒರಟು ನೆಲದಲ್ಲಿ ಗಡಗಡ ಸದ್ದು. ಅಲ್ಯೂಮಿನಿಯಂ ಗಾಲಿಗೆ ಸುತ್ತ ರಬ್ಬರ್ ಬಳೆ ಹಾಕಿದವು ನೋಡಲು ಚೆಂದ. ಬಳೆ ಸಡಿಲವಾಗಿ ಕಳಚುವುದು ಅವುಗಳ ಮಾಮೂಲಿ ತೊಂದರೆ, ಬದಲಿ ಬಳೆ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಪಾಲಿಯೂರೆಥೇನ್ ಗಾಲಿ ಎರಡರ ನಡುವಿನದು. ಅದರ ಗಡಸುತನವನ್ನು ಶೋರ್ ಎ ಮಾಪನದಲ್ಲಿ ಬರೆದಿರುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ಗಟ್ಟಿ. 78ರಿಂದ 85 ಇದ್ದರೆ ಸದ್ದು ಕಡಿಮೆ, ಸಂದಿಗಳಲ್ಲಿ ಕುಲುಕೂ ಕಡಿಮೆ. 70ಕ್ಕಿಂತ ಕೆಳಗಿನದು ಮೆತ್ತಗಾಗಿ, ಸೈಕಲ್ ಹಲವು ದಿನ ನಿಂತಲ್ಲೇ ನಿಂತರೆ ಒಂದು ಕಡೆ ಚಪ್ಪಟೆಯಾಗುವ ಸಾಧ್ಯತೆ ಹೆಚ್ಚು.

ಪಾಲಿಯೂರೆಥೇನ್‌ನಲ್ಲಿ ಕೆಲವು ಬಗೆಗಳು ಗಾಳಿಯ ತೇವ ಹೀರಿ, ಬಳಸದೆ ಇಟ್ಟಿದ್ದರೂ ವರ್ಷಗಳಲ್ಲಿ ಅಂಟಂಟಾಗಿ ಪುಡಿಯಾಗುತ್ತವೆ. ಬಹಳ ದಿನ ಕಪಾಟಿನಲ್ಲಿದ್ದ ಹಳೆಯ ಸರಕನ್ನು ಉಗುರಿನಿಂದ ಒತ್ತಿ ನೋಡಿ ಕೊಳ್ಳಿ.

ನಾನೇ ಹಾಕಿಕೊಳ್ಳಬಹುದೇ? ಹೇಗೆ?

ಖಂಡಿತ. ಬೇಕಾದವು: ಬೋಲ್ಟ್‌ಗೆ ತಕ್ಕ ಅಲೆನ್ ಕೀ (ಎಂ6ರ ಸಾಮಾನ್ಯ ದುಂಡು ತಲೆಯ ಬೋಲ್ಟ್‌ಗೆ 5 ಮಿ.ಮೀ., ತೆಳ್ಳನೆಯ ಗುಬುಟು ತಲೆಯದಕ್ಕೆ 4 ಮಿ.ಮೀ.), ಹಿಂದೆ ನಟ್ ಇದ್ದರೆ 10 ಮಿ.ಮೀ. ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು), ಒಂದು ದಪ್ಪ ಬಟ್ಟೆ.

ಹಿಂದಿನ ಚಕ್ರವನ್ನು ಮಾತ್ರ ಅಡಿಗೆ ಮಡಚಿ, ಸೈಕಲ್ಲನ್ನು ಬಟ್ಟೆಯ ಮೇಲೆ ಎಡಮಗ್ಗುಲಿಗೆ ಮಲಗಿಸಿ. ಚೈನ್ ಮೇಲ್ಗಡೆ ಇರುತ್ತದೆ, ಏನೂ ಬಾಗುವುದಿಲ್ಲ. ಬಲಗಡೆಯ ಗಾಲಿಗಳನ್ನು ಮುಗಿಸಿ, ಎಡದವಕ್ಕೆ ಸೈಕಲ್ ನಿಲ್ಲಿಸಿಯೇ ಕೆಲಸ ಮಾಡಿ. ಅಲೆನ್ ಕೀ ತೂರಿಸುವ ಮೊದಲು ಬೋಲ್ಟ್ ತಲೆಯ ಗುಳಿಯಲ್ಲಿ ತುಂಬಿದ ಮಣ್ಣನ್ನು ಸೂಜಿಯಿಂದ ತೆಗೆಯಿರಿ. ಕೀ ಪೂರ್ತಿ ಆಳಕ್ಕೆ ಕೂರದಿದ್ದರೆ ಆರು ಮೂಲೆಗಳೂ ಸವೆದು ದುಂಡಗಾಗುತ್ತವೆ. ಈ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಇದೇ.

ಒಂದು ಸಲಕ್ಕೆ ಒಂದೇ ಗಾಲಿ ಬಿಚ್ಚಿ. ವಾಷರ್‌ಗಳು ಯಾವ ಕ್ರಮದಲ್ಲಿದ್ದವೋ ಹಾಗೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದುಕೊಳ್ಳಿ. ಕಿವಿಯ ಥ್ರೆಡ್ಡನ್ನು ಬ್ರಷ್‌ನಿಂದ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಉಳಿದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ.

ಹೊಸದನ್ನು ಜೋಡಿಸುವ ಕ್ರಮ: ಬೋಲ್ಟ್, ಚಿಕ್ಕ ವಾಷರ್, ಗಾಲಿ, ಮತ್ತೊಂದು ಚಿಕ್ಕ ವಾಷರ್ ಅಥವಾ ಕೊಳವೆ, ಆಮೇಲೆ ಫ್ರೇಮ್. ವಾಷರ್ ಬೇರಿಂಗ್‌ನ ಒಳ ಬಳೆಗೆ ಮಾತ್ರ ತಾಗಬೇಕು. ಅಗಲದ ವಾಷರ್ ಹಾಕಿದರೆ ಅದು ಹೊರ ಬಳೆಯನ್ನೂ ಅಮುಕಿ ಗಾಲಿ ತಿರುಗದಂತೆ ಮಾಡುತ್ತದೆ.

ಮೊದಲು ಥ್ರೆಡ್‌ಲಾಕರ್ ಇಲ್ಲದೆ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ, ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ. ಎಂ6 ಬೋಲ್ಟ್ ಕಡಿಮೆಯೆಂದರೂ 6 ಸುತ್ತು ಒಳಗೆ ಹೋಗಬೇಕು, ಅಂದರೆ 6 ಮಿ.ಮೀ. ಹಿಡಿತ. ಮೂರು ನಾಲ್ಕು ಸುತ್ತಿಗೇ ನಿಂತರೆ ಬೋಲ್ಟ್ ಗಿಡ್ಡ. ಹಾಗೆ ಬಿಗಿ ಮಾಡಿದರೆ ಥ್ರೆಡ್ ಕಿತ್ತುಬರುತ್ತದೆ. ಇನ್ನೊಂದು ತುದಿಯಲ್ಲಿ ಬೋಲ್ಟ್ ಹೊರಬಂದು ಟೈರ್ ಕಡೆ ಮುಖ ಮಾಡಿದ್ದರೆ ಉದ್ದ ಹೆಚ್ಚಾಯಿತು, ಬದಲಾಯಿಸಿ.

ಎಲ್ಲ ಸರಿಯಿದ್ದರೆ ಬೋಲ್ಟ್ ಬಿಚ್ಚಿ, ತುದಿಯ ಥ್ರೆಡ್‌ಗೆ ಒಂದು ಹನಿ ಥ್ರೆಡ್‌ಲಾಕರ್ ಹಚ್ಚಿ ಬಿಗಿ ಮಾಡಿ. ಗಾಲಿಯ ಜೊತೆ ಬಂದ ಚೀಟಿಯಲ್ಲಿ ಟಾರ್ಕ್ (ಎಷ್ಟು ಬಿಗಿ ಮಾಡಬೇಕೆಂಬ ಅಳತೆ) ಬರೆದಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಉಕ್ಕಿನ ಕಿವಿಯಲ್ಲಿ ಉಕ್ಕಿನ ಎಂ6 ಬೋಲ್ಟ್‌ಗೆ 6 ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ ಇಲ್ಲದವರು 8 ಸೆಂ.ಮೀ. ಉದ್ದದ ಅಲೆನ್ ಕೀಯ ತುದಿಯಲ್ಲಿ ಏಳೂವರೆ ಕೆ.ಜಿ. ತೂಗಿದಷ್ಟು ಬಲ ಹಾಕಿದರೆ ಅಲ್ಲಿಗೆ ಬರುತ್ತದೆ. ಥ್ರೆಡ್‌ಲಾಕರ್ ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ವಾರದ ಬಳಿಕ ಮತ್ತೊಮ್ಮೆ ಕೀ ಹಾಕಿ ನೋಡಿ.

ಸವಾರಿಗೆ ಮುಂಚೆ ನಿಧಾನವಾಗಿ ಮೂರು ಸಲ ಮಡಚಿ ಬಿಚ್ಚಿ, ಪೆಡಲನ್ನು ಒಂದು ಪೂರ್ತಿ ಸುತ್ತು ಹಿಂದಕ್ಕೆ ತಿರುಗಿಸಿ. ಕೇಬಲ್ ಎಲ್ಲಾದರೂ ಗಾಲಿಯ ಅಂಚಿಗೆ ಸಿಕ್ಕುತ್ತಿದೆಯೇ ಎಂಬುದು ಆಗಲೇ ಗೊತ್ತಾಗುವುದು.

ಹಳೆಯ ಬೋಲ್ಟ್ ಅಲ್ಲಾಡುತ್ತಲೇ ಇಲ್ಲ.

ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಮೊದಲು ಒಂದಿಷ್ಟು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಹಳೆಯ ಥ್ರೆಡ್‌ಲಾಕರ್ ಹಿಡಿದಿರುವ ಅನುಮಾನವಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬೋಲ್ಟ್ ತಲೆಯನ್ನು ಚೆನ್ನಾಗಿ ಬಿಸಿ ಮಾಡಿ, ಬಿಸಿ ಇರುವಾಗಲೇ ತಿರುಗಿಸಿ. ಎಣ್ಣೆ ಹಾಕಿದ್ದರೆ ಮೊದಲು ಒರೆಸಿಕೊಳ್ಳಿ. ಬೆಂಕಿ ಬೇಡ, ಬಣ್ಣವೂ ಸುಡುತ್ತದೆ, ಟೈರೂ ಹತ್ತಿರವೇ ಇದೆ.

ಥ್ರೆಡ್ ಕಿತ್ತುಹೋಗಿದ್ದರೆ ಸೈಕಲ್ ರಿಪೇರಿಯವರಲ್ಲಿ ಥ್ರೆಡ್ ಇನ್‌ಸರ್ಟ್ (ತೂತಿನೊಳಗೆ ಕೂರಿಸುವ ಹೊಸ ಥ್ರೆಡ್) ಹಾಕಿಸಿ. ಕಿವಿಯನ್ನು ಕೊರೆದು ಎಂ8 ಮಾಡುವ ಸಲಹೆ ಕೊಡುವವರಿದ್ದಾರೆ. ಸುತ್ತ ಉಳಿಯುವ ಲೋಹ ತೀರಾ ತೆಳ್ಳಗಾಗುವುದರಿಂದ ಅದನ್ನು ಒಪ್ಪಬೇಡಿ.

ಹೊಸ ಗಾಲಿ ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು, ಹಾಕಿದ ಮೇಲೆ ಬಿಗಿಯಾಯಿತು.

ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ತಕ್ಷಣ ಸಲೀಸಾದರೆ ಸ್ಪೇಸರ್ ಇಲ್ಲ ಅಥವಾ ಗಿಡ್ಡವಾಗಿದೆ, ಇಲ್ಲವೇ ವಾಷರ್ ಅಗಲವಾಗಿದೆ. ಸಡಿಲಿಸಿದರೂ ಬಿಗಿಯೇ ಇದ್ದರೆ ಗಾಲಿಯ ಪಕ್ಕ ಫ್ರೇಮ್‌ಗೆ ಉಜ್ಜುತ್ತಿದೆ. ಬಣ್ಣ ತೇದ ಗುರುತು ಹುಡುಕಿ, 1 ಮಿ.ಮೀ. ವಾಷರ್ ಸೇರಿಸಿ. ಬೋಲ್ಟನ್ನೇ ಸಡಿಲ ಬಿಟ್ಟು ಓಡಿಸುವುದು ಪರಿಹಾರವಲ್ಲ.

ತಳ್ಳಿದರೆ ಒಂದೇ ಕಡೆಗೆ ಎಳೆಯುತ್ತದೆ.

ಗಾಲಿಗಳ ಬೋಲ್ಟ್‌ಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಹೆಚ್ಚಾಗಿ ಕ್ಯಾರಿಯರ್ ಬಾಗಿರುತ್ತದೆ ಅಥವಾ ಅದನ್ನು ಫ್ರೇಮ್‌ಗೆ ಹಿಡಿಸುವ ಸ್ಕ್ರೂಗಳನ್ನು ಓರೆಯಾಗಿ ಬಿಗಿ ಮಾಡಿರುತ್ತಾರೆ. ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಮಡಚಿದ ಸೈಕಲ್ಲನ್ನು ಸಮತಟ್ಟಾದ ನೆಲದಲ್ಲಿಟ್ಟು ನಾಲ್ಕೂ ಗಾಲಿ ತಾನಾಗಿ ಕೂತ ಮೇಲೆ ಮತ್ತೆ ಬಿಗಿ ಮಾಡಿ.

ಎಲ್ಲ ದಿಕ್ಕಿಗೂ ತಿರುಗುವ ಟ್ರಾಲಿ ಗಾಲಿ ಹಾಕಿದರೆ?

ನಯವಾದ ನೆಲದಲ್ಲಿ ಬಹಳ ಸುಖ. ಆದರೆ ಅದಕ್ಕೆ ಎತ್ತರ ಹೆಚ್ಚು ಬೇಕು, ವೇಗವಾಗಿ ತಳ್ಳಿದರೆ ಗಾಲಿ ಎಡಬಲ ಒದರಾಡುತ್ತದೆ, ಸವಾರಿ ಮಾಡುವಾಗ ತೂಗಾಡಿ ಸದ್ದು ಮಾಡುತ್ತದೆ. ನಮ್ಮ ಆಯ್ಕೆ ನೇರ ಗಾಲಿಗಳೇ. ತಿರುಗಿಸುವಾಗ ಒಂದು ಜೋಡಿಯನ್ನು ಬೆರಳಗಲ ಎತ್ತಿದರೆ ಸಾಕು.

ತೂಕ ಎಷ್ಟು ಹೆಚ್ಚುತ್ತದೆ?

ನಾಲ್ಕು ಗಾಲಿ, ಬೋಲ್ಟ್ ಎಲ್ಲ ಸೇರಿ ಕೆಲವು ನೂರು ಗ್ರಾಂ ಒಳಗೇ. ಗ್ರಾಂ ಉಳಿಸಲು ಟೈಟಾನಿಯಂ ಬೋಲ್ಟ್ ಹಾಕುವವರು ಥ್ರೆಡ್‌ಗೆ ಗ್ರೀಸ್ ಮಾದರಿಯ ಆಂಟಿಸೀಜ್ ಹಚ್ಚಿ, ಇಲ್ಲದಿದ್ದರೆ ಕಚ್ಚಿಕೊಂಡು ಕೂರುತ್ತದೆ.

ಮಧ್ಯದಲ್ಲಿ ಕೀಲು ಇರುವ ಸೈಕಲ್‌ಗೂ ಇವನ್ನು ಹಾಕಬಹುದೇ?

ಡಾಹೊನ್, ಟರ್ನ್ ಥರದ ಮಡಿಕೆಯಲ್ಲಿ ಎರಡೂ ದೊಡ್ಡ ಚಕ್ರಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಸೀಟು ಎತ್ತಿಯೇ ಇಟ್ಟು, ಅದನ್ನು ಹಿಡಿದು ಆ ಚಕ್ರಗಳ ಮೇಲೇ ತಳ್ಳಿಕೊಂಡು ಹೋಗುವುದು ಸುಲಭ. ಎರಡು ಭಾಗ ಬೇರೆಯಾಗದಂತೆ ಅಯಸ್ಕಾಂತ ಅಥವಾ ಪಟ್ಟಿ ಗಟ್ಟಿ ಇದ್ದರೆ ಪುಟ್ಟ ಗಾಲಿಯ ಅಗತ್ಯವೇ ಇಲ್ಲ.

ಆರೈಕೆ ಏನು ಮಾಡಬೇಕು?

ಮುಚ್ಚಿದ ಬೇರಿಂಗ್‌ಗೆ ಎಣ್ಣೆ ಬಿಡಬೇಡಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಒಳಗಿನ ಗ್ರೀಸ್ ಕರಗಿ ಹೊರಬರುತ್ತದೆ. ಪ್ರೆಷರ್ ಪೈಪಿನ ನೀರನ್ನು ನೇರವಾಗಿ ಹಾಯಿಸಬೇಡಿ. ತಿಂಗಳಿಗೊಮ್ಮೆ ಕೂದಲು, ದಾರ ಕತ್ತರಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೇರಿಂಗ್ ಜರಗುಟ್ಟಲು ಶುರುವಾದರೆ ಗಾಲಿಯನ್ನೇ ಎಸೆಯಬೇಕಿಲ್ಲ, ಬೇರಿಂಗ್ ಮಾತ್ರ ಬದಲಾಯಿಸಿ. ಹಳೆಯದನ್ನು ಹಿಂಬದಿಯಿಂದ ತಟ್ಟಿ ತೆಗೆಯಿರಿ. ಹೊಸದನ್ನು ಕೂರಿಸುವಾಗ ಹೊರ ಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು ವೈಸ್‌ನಲ್ಲಿ ನಿಧಾನವಾಗಿ ಒತ್ತಿ. ಒಳ ಬಳೆಯ ಮೇಲೆ ಒತ್ತಿದರೆ ಗುಂಡುಗಳು ಪಥದಲ್ಲಿ ಗುಳಿ ಬೀಳಿಸಿ, ಹೊಸ ಬೇರಿಂಗ್ ಮೊದಲ ದಿನವೇ ಹಾಳಾಗುತ್ತದೆ.

ಗಾಲಿ ಎಲ್ಲೆಲ್ಲಿ ಉರುಳಿಸಬಾರದು?

ಮೆಟ್ಟಿಲ ಮೇಲೆ ಧಡಧಡ ಇಳಿಸಬಾರದು. ಎಸ್ಕಲೇಟರ್‌ನಲ್ಲಿ ಗಾಲಿಯ ಮೇಲೆ ನಿಲ್ಲಿಸಬಾರದು, ಕೈಯಲ್ಲೇ ಹಿಡಿಯಿರಿ. ಒಡೆದ ಡಾಂಬರು, ಜಲ್ಲಿ, ಇಂಟರ್‌ಲಾಕ್ ಕಲ್ಲಿನ ದಾರಿಯಲ್ಲಿ 60 ಮಿ.ಮೀ. ಗಾಲಿಯೂ ಏದುಸಿರು ಬಿಡುತ್ತದೆ. ಪ್ರತಿ ಏಟೂ ನೇರವಾಗಿ ಫ್ರೇಮ್‌ನ ಕಿವಿಗೆ ಬೀಳುತ್ತದೆ, ಅಲ್ಲಿ ಬೆಸುಗೆಯ ಸುತ್ತ ಬಣ್ಣ ಬಿರುಕು ಬಿಟ್ಟಿದ್ದರೆ ಬಳಕೆ ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ. ಅಂಥ ದಾರಿಯಲ್ಲಿ ಸೈಕಲ್ ಬಿಚ್ಚಿ ದೊಡ್ಡ ಚಕ್ರಗಳ ಮೇಲೆ ನಡೆಸಿಕೊಂಡು ಹೋಗಿ, ನಯವಾದ ನೆಲ ಬಂದಾಗ ಮತ್ತೆ ಮಡಚಿ.